ಕೈಯಳತೆ

"ಉಸಿರು ಬುಡವ್ವ. ಉಸಿರು ಹಿಡ್ಕಂಡ್ರೆ ಮುಳ್ಳೇನು ಕೆಳಕ್ಕೆ ಇಳಿಯಾಕಿಲ್ಲ," ಎಂದು ಸಾಲಿನಲ್ಲಿದ್ದ ಯಾರೋ ಹೇಳಿದ್ದಕ್ಕೆ ಶಾಲೆಯ ಜಗಲಿಯ ತುಂಬ ನಗು ಎದ್ದಿತು. ತೂಕದ ಯಂತ್ರದ ಮೇಲೆ ನಿಂತಿದ್ದ ವಾಣಿಶ್ರೀ ಮಾತ್ರ ನಗಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ. ಕೆನ್ನೆ, ತೋಳು, ಮೈಕಟ್ಟು ಎಲ್ಲ ಅವಳ ತಾಯಿಯದೇ ಅಚ್ಚು. ತಲೆ ತಗ್ಗಿಸಿಕೊಂಡು ಮುಳ್ಳನ್ನೇ ನೋಡುತ್ತಿದ್ದಳು. ಅವಳ ಹಿಂದೆ ತಾಯಿ ಭಾಗ್ಯಮ್ಮ, ಭಾಗ್ಯಮ್ಮನ ಹಿಂದೆ ಅಜ್ಜಿ ದೊಡ್ಡತಾಯಮ್ಮ ನಿಂತಿದ್ದರು.

"ನಗೋಕೆ ಏನೈತೆ ಅದ್ರಲ್ಲಿ? ನಿಮ್ಮ ಸರದೀನೂ ಬತ್ತದೆ, ಅವಾಗ ನಾನೂ ನಿಂತ್ಕಂಡು ನಗ್ತೀನಿ," ಎಂದು ದೊಡ್ಡತಾಯಮ್ಮ ಗದರಿದ ಮೇಲೆ ಸಾಲು ಸುಮ್ಮನಾಯಿತು. ದೊಡ್ಡತಾಯಮ್ಮನಿಗೆ ಅರವತ್ತರ ಹತ್ತಿರ. ಕಡ್ಡಿಯಂಥ ಮೈ, ಆದರೆ ನಾಲಿಗೆಗೆ ಸಾಕಷ್ಟು ತೂಕವಿತ್ತು. ಅವಳ ಬಾಯಿಗೆ ಬೀಳುವುದಕ್ಕೆ ಆ ಊರಿನಲ್ಲಿ ಗಂಡಸರೂ ಅಂಜುತ್ತಿದ್ದರು.

ಮೂರು ತಲೆಮಾರಿನವರು ಇದ್ದರೆ ಒಟ್ಟಿಗೆ ಬನ್ನಿ, ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಮೈಸೂರಿನ ತಂಡದವರು ಮೊದಲೇ ಹೇಳಿಕಳಿಸಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಊರೂರು ಸುತ್ತಿ, ಸಾವಿರಾರು ಜನರ ತೂಕ ನೋಡಿ, ರಕ್ತ ತೆಗೆದುಕೊಂಡು ಹೋಗುವ ತಂಡ ಅದು. ಬೆಟ್ಟದಪುರದ ಆಚೆಗಿರುವ ಈ ಊರಿಗೆ ಅವರು ಬಂದದ್ದು ಆಗಸ್ಟಿನ ಒಂದು ಭಾನುವಾರ. ಚಿಕುನ್‌ಗುನ್ಯ ಬಂದು ಊರನ್ನೆಲ್ಲ ಮಲಗಿಸಿ ಹೋಗಿ ಎರಡು ವರ್ಷವಾಗಿತ್ತು. ಹೊಗೆಸೊಪ್ಪು ಬೇಯಿಸುವ ಕಾಲವಾದ್ದರಿಂದ ಗಂಡಸರೆಲ್ಲ ಸೊಪ್ಪನ್ನು ಕಾವಿಗಿಟ್ಟು ಒಣಗಿಸುವ ಬ್ಯಾರನ್ನುಗಳ ಹತ್ತಿರವೇ ಬೀಡುಬಿಟ್ಟಿದ್ದರು. ಶಾಲೆಯ ಜಗಲಿಯಲ್ಲಿ ಹೆಂಗಸರದ್ದೇ ರಾಜ್ಯವಾಗಿತ್ತು.

ಭಾಗ್ಯಮ್ಮ ಗಂಡನ ಊರಾದ ಹನಗೋಡಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಹುಣಸೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ಮನೆಗೂ ಹೋಗದೆ ನೇರ ಶಾಲೆಗೇ ಬಂದಿದ್ದಳು. ಜೂನಿನಲ್ಲಿ ಮಗಳನ್ನು ತವರಿನಲ್ಲಿ ಬಿಟ್ಟು ಹೋದವಳು ಮತ್ತೆ ಮಗಳ ಮುಖ ಕಂಡದ್ದು ಈಗಲೇ. ಹನಗೋಡಿನಲ್ಲೇನು ಹೈಸ್ಕೂಲಿಲ್ಲವೆ? ಇತ್ತು. ಆದರೆ ಬೆಟ್ಟದಪುರದ ಲೆಕ್ಕದ ಮೇಷ್ಟ್ರು ಬಲು ಚೆನ್ನಾಗಿ ಹೇಳಿಕೊಡುತ್ತಾರೆಂದು ದೊಡ್ಡತಾಯಮ್ಮ ಅಳಿಯ ಗುರುಮಲ್ಲಪ್ಪನ ತಲೆ ತಿಂದು ಒಪ್ಪಿಸಿದ್ದಳು. ಲೆಕ್ಕದ ಮೇಷ್ಟ್ರು ನೆಪ. ಸೊಸೆ ಬಾಣಂತನಕ್ಕೆಂದು ತವರಿಗೆ ಹೋದ ಮೇಲೆ ಮನೆ ಬಣಗುಟ್ಟುತ್ತಿತ್ತು. ಮೊಮ್ಮಗಳು ಬಂದು ಜಡೆ ಹಾಕಿಸಿಕೊಳ್ಳಲು ಎದುರಿಗೆ ಕೂತರೆ ದೊಡ್ಡತಾಯಮ್ಮನಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ.

ತೂಕ ಮುಗಿದ ಮೇಲೆ ಮೂವರನ್ನೂ ತಂಡದ ಡಾಕ್ಟರ್ ಸುಧಾ ಎದುರಿಗೆ ಕೂರಿಸಿಕೊಂಡರು. ಸಣ್ಣ ವಯಸ್ಸಿನ ಡಾಕ್ಟರು, ಮಾತು ಮೆತ್ತಗೆ.

"ರಕ್ತ ಯಾತಕ್ಕೆ ಡಾಕ್ಟ್ರಮ್ಮ? ನಮಗೇನು ಕಾಯಿಲೆ ಇಲ್ವಲ್ಲ," ಎಂದಳು ದೊಡ್ಡತಾಯಮ್ಮ.

"ಕಾಯಿಲೆಗಲ್ಲಮ್ಮ. ನಮ್ಮ ಮೈಯೊಳಗೆ ರೋಗದ ಜೊತೆ ಹೋರಾಡೋ ಒಂದು ಕಾವಲು ಇರುತ್ತೆ. ಅದು ಹೇಗಿರುತ್ತೆ ಅನ್ನೋದು ತಾಯಿ ತಂದೆಯಿಂದ ಬರುತ್ತೆ, ಬಣ್ಣ ಬರೋ ಹಾಗೆ, ಮೂಗು ಬರೋ ಹಾಗೆ. ಆ ಕಾವಲಿಗೂ ಮೈತೂಕಕ್ಕೂ ಏನಾದರೂ ನಂಟಿದೆಯಾ ಅಂತ ನೋಡ್ತಿದ್ದೀವಿ."

"ಅಂದ್ರೆ ದಪ್ಪಗಾಗೋದು ತಿನ್ನೋದ್ರಿಂದ ಅಲ್ಲ ಅಂತೀರಾ?"

"ತಿನ್ನೋದೂ ಇದೆ. ಆದರೆ ಅದೊಂದೇ ಅಲ್ಲ. ಒಂದೇ ಮನೇಲಿ ಒಂದೇ ಊಟ ಮಾಡೋ ಇಬ್ಬರಲ್ಲಿ ಒಬ್ಬರು ತೆಳ್ಳಗೆ, ಒಬ್ಬರು ದಪ್ಪ ಇರಲ್ವಾ?"

ದೊಡ್ಡತಾಯಮ್ಮ ಗಟ್ಟಿಯಾಗಿ ನಕ್ಕಳು. "ಉಣ್ಣದೆ ದಪ್ಪಗಾದೋರ್ನ ನಾನಂತೂ ಕಂಡಿಲ್ಲ ಬುಡಿ," ಎಂದಳು. ಭಾಗ್ಯಮ್ಮ ಸೆರಗನ್ನು ಹೆಗಲ ತುಂಬ ಎಳೆದುಕೊಂಡು ಆ ಕಡೆ ನೋಡಿದಳು.

ಮನೆಯಲ್ಲಿ ಯಾರಿಗೆ ಯಾವ ಯಾವ ಜ್ವರ ಬಂದಿತ್ತು, ಯಾರು ಪದೇ ಪದೇ ಮಲಗುತ್ತಾರೆ ಎಂದು ಡಾಕ್ಟರು ಕೇಳುತ್ತ ಹೋದರು. ಭಾಗ್ಯಮ್ಮನ ಸರದಿ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ ತಾಯಿ ಶುರುಮಾಡಿದಳು. "ಇವಳಿಗೆ ಒಂದು ನೆಗಡೀನೂ ಬಂದಿಲ್ಲ ಕಣ್ರವ್ವ. ಚಿಕ್ಕೋಳಿದ್ದಾಗ ಊರಿಗೆಲ್ಲ ದಡಾರ ಬಂದಿತ್ತು. ಇವಳ ತಮ್ಮ ಸ್ವಾಮಿ ಮಲಗ್ದ, ನಾನು ಮಲಗ್ದೆ, ಇವಳು ಬೇವಿನ ಸೊಪ್ಪು ಇಡ್ಕಂಡು ಗಾಳಿ ಬೀಸ್ತಾ ಕೂತಿದ್ಳು. ಮೊನ್ನೆ ಚಿಕನ್‌ಗುನ್ಯದಲ್ಲೂ ಅಂಗೇಯ, ಅತ್ತೆ ಮನೆ ಮಂದಿಗೆಲ್ಲ ಗಂಜಿ ಕಾಯಿಸಿ ಕೊಟ್ಟೋಳು ಇವಳೊಬ್ಳೇ." ಮಗಳ ಬಗ್ಗೆ ಹೇಳುವಾಗ ದೊಡ್ಡತಾಯಮ್ಮನ ಮುಖ ಅರಳಿತ್ತು. ಅವಳಿಗೆ ಮಗಳೆಂದರೆ ಪ್ರಾಣ. ಅದರಲ್ಲಿ ಯಾರಿಗೂ ಅನುಮಾನ ಬೇಡ.

ರಕ್ತ ಕೊಟ್ಟಾದ ಮೇಲೆ ಒಬ್ಬೊಬ್ಬರಿಗೆ ಒಂದು ಬನ್ನು, ಒಂದು ಲೋಟ ಟೀ ಕೊಟ್ಟರು. ವಾಣಿಶ್ರೀಯ ಬನ್ನು ಎರಡೇ ತುತ್ತಿಗೆ ಮುಗಿಯಿತು. ಅವಳ ಕಣ್ಣು ಮತ್ತೆ ಬನ್ನಿನ ತಟ್ಟೆಯ ಕಡೆಗೆ ಹೋದಾಗ ಅಜ್ಜಿ ಅವಳನ್ನು ಒಂದು ಸಲ ನೋಡಿದಳು, ಅಷ್ಟೆ. ಹುಡುಗಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಸುಮ್ಮನೆ ಕೂತಳು. ಭಾಗ್ಯಮ್ಮ ತನ್ನ ಬನ್ನನ್ನು ಮಗಳ ಕೈಗಿಟ್ಟಳು. "ಬಸ್ಸಲ್ಲಿ ಹೊಟ್ಟೆ ತೊಳಸ್ತು, ನಂಗೆ ಬ್ಯಾಡ," ಎಂದಳು.

ಆಮೇಲಿನದು ಊಟದ ಲೆಕ್ಕ. ಅದನ್ನು ನೋಡಿಕೊಳ್ಳುವವನು ಸಾಗರ್ ಎಂಬ ಹುಡುಗ, ಮೈಸೂರಿನವನೇ. ತಂಡದವರು ಮೊದಮೊದಲು ಒಂದು ಮುದ್ದೆ ಎಂದರೆ ಒಂದು ಮುದ್ದೆ ಎಂದೇ ಬರೆದುಕೊಂಡು ಹೋಗಿದ್ದರಂತೆ. ಆಮೇಲೆ ಒಂದು ಮನೆಯ ಒಂದು ಮುದ್ದೆ ಇನ್ನೊಂದು ಮನೆಯ ಎರಡು ಮುದ್ದೆಗೆ ಸಮ ಎಂದು ಗೊತ್ತಾಗಿ ತಲೆಯ ಮೇಲೆ ಕೈ ಹೊತ್ತುಕೊಂಡರಂತೆ. ಎಷ್ಟು ದೊಡ್ಡದು ಎಂದು ಕೇಳಿದರೆ ಒಬ್ಬಳು ಮುಷ್ಟಿ ತೋರಿಸುತ್ತಾಳೆ, ಇನ್ನೊಬ್ಬಳು ಮಗುವಿನ ತಲೆಯಷ್ಟು ಎನ್ನುತ್ತಾಳೆ. ಅದಕ್ಕೇ ಈಗ ಒಂದು ಬೇಸಿನ್ನಿನ ತುಂಬ ಗೋಧಿಹಿಟ್ಟು ಕಲಸಿ ತಂದಿದ್ದರು. ಮನೆಯಲ್ಲಿ ಮುದ್ದೆ ಕಟ್ಟುವವರು ಯಾರೋ ಅವರು ಕೂತು, ಮನೆಯವರಿಗೆ ಯಾರ್ಯಾರಿಗೆ ಎಷ್ಟೆಷ್ಟು ದೊಡ್ಡ ಮುದ್ದೆ ಕಟ್ಟುತ್ತಾರೋ ಹಾಗೆಯೇ ಕಟ್ಟಿ ತೋರಿಸಬೇಕು.

ಇದು ದೊಡ್ಡತಾಯಮ್ಮನದೇ ಅಖಾಡ. ಮುದ್ದೆ ಕಟ್ಟುವುದೆಂದರೆ ಆ ಮನೆಯಲ್ಲಿ ಅವಳದೇ ಅಧಿಕಾರ. ಸೊಸೆ ಸಾರು ಮಾಡಲಿ, ಪಲ್ಯ ಮಾಡಲಿ, ಹಿಟ್ಟು ತೊಳಸುವ ಕೋಲನ್ನು ಮಾತ್ರ ಅವಳು ಯಾರ ಕೈಗೂ ಕೊಟ್ಟವಳಲ್ಲ. ಯಾರ ಹೊಟ್ಟೆಗೆ ಎಷ್ಟು ಬೇಕು ಎನ್ನುವುದು ತನ್ನ ಅಂಗೈಗೆ ಗೊತ್ತು ಎಂಬ ಜಂಬ ಅವಳಿಗೆ. ಸೀರೆಯನ್ನು ಮಂಡಿಗೆ ಸಿಕ್ಕಿಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಸುತ್ತ ಹೆಂಗಸರು ಸೇರಿದರು. ಅಂಗೈಗೆ ನೀರು ಸವರಿಕೊಂಡು ಹಿಟ್ಟಿಗೆ ಕೈ ಹಾಕಿದಳು.

"ಇದು ನಮ್ಮ ಯಜಮಾನ್ರುದ್ದು," ಎಂದು ಒಂದು ಮುದ್ದೆ ಉರುಳಿಸಿ ಇಟ್ಟಳು. ಸಾಗರ್ ಅದನ್ನು ಪುಟ್ಟ ತಕ್ಕಡಿಗೆ ಹಾಕಿ ಬರೆದುಕೊಂಡ. "ಇದು ನಮ್ಮ ಸ್ವಾಮೀದು, ಬ್ಯಾರನ್ನಿಗೆ ಸೌದೆ ಹೊರೋನು." ಅದು ಎಲ್ಲಕ್ಕಿಂತ ದೊಡ್ಡದು. ಹೆಂಗಸರು ಕಿಸಕ್ಕೆಂದರು. "ಇದು ನಂದು." ಮಾತಾಡುತ್ತಲೇ, ಪಕ್ಕದವಳ ಯಾವುದೋ ಮಾತಿಗೆ ಉತ್ತರ ಕೊಡುತ್ತಲೇ, ಕೈ ತನ್ನ ಪಾಡಿಗೆ ತಾನು ನಾಲ್ಕನೆಯದನ್ನು ಉರುಳಿಸಿ ಮಣೆಯ ಮೇಲೆ ಕೂರಿಸಿತು.

"ಇದು ಯಾರದಮ್ಮ? ಮಗುಗಾ?" ಎಂದ ಸಾಗರ್. ಅದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿತ್ತು.

"ನನ್ನ ಮೊಮ್ಮಗಳ್ದು," ಎಂದಳು ದೊಡ್ಡತಾಯಮ್ಮ. ಹೇಳುವಾಗಲೂ ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. ಹೇಳಿ ಮುಗಿದ ಮೇಲೆ ತಾನು ಏನು ಹೇಳಿದೆನೆಂದು ಅವಳ ಕಿವಿಗೇ ಕೇಳಿಸಿತು.

ವಾಣಿಶ್ರೀ ನೆಲ ನೋಡುತ್ತಿದ್ದಳು. ಭಾಗ್ಯಮ್ಮ ಮುಂದಕ್ಕೆ ಬಂದು, ಬಗ್ಗಿ, ಆ ಸಣ್ಣ ಉಂಡೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಹಾಗೆ ಹೀಗೆ ತಿರುಗಿಸಿ ನೋಡಿದಳು. ಅವಳು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ದೊಡ್ಡತಾಯಮ್ಮ ಅದಕ್ಕೆರಡರಷ್ಟು ಜೋರು ಮಾಡಿ ಗೆದ್ದುಬಿಡುತ್ತಿದ್ದಳೇನೋ.

"ಅದೇ ಅಳತೆ," ಎಂದಳು ಭಾಗ್ಯಮ್ಮ. "ಇಪ್ಪತ್ತು ವರ್ಷ ಆಯ್ತಲ್ಲವ್ವ. ಕೈ ಇನ್ನೂ ಮರ್ತಿಲ್ಲ."

"ಅವಳ ಒಳ್ಳೇದಕ್ಕೇ ಕಣೇ..."

"ನನ್ನ ಒಳ್ಳೇದಕ್ಕೂ ಅಂಗೇ ಅಂತಿದ್ದೆ." ಉಂಡೆಯನ್ನು ಮಣೆಯ ಮೇಲೆ ಮೆಲ್ಲಗೆ ವಾಪಸ್ಸು ಇಟ್ಟು ಮಗಳ ಕಡೆ ತಿರುಗಿದಳು. "ವಾಣಿ, ಮನೆಗೆ ನಡಿ. ಬಟ್ಟೆಬರೆ ಜೋಡಿಸ್ಕೋ. ಸಂಜೆ ಬಸ್ಸಿಗೆ ಊರಿಗೆ ಹೋಗಾಣ. ಹನಗೋಡಲ್ಲೂ ಲೆಕ್ಕ ಹೇಳ್ಕೊಡೋರು ಅವ್ರೆ."

ಇಬ್ಬರೂ ಜಗಲಿ ಇಳಿದು ಹೋದರು. ದೊಡ್ಡತಾಯಮ್ಮ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ಕೈ ತೊಳೆದುಕೊಳ್ಳಿ ಎಂದು ಸಾಗರನೇ ನೀರು ತಂದುಕೊಟ್ಟ.

ಇಪ್ಪತ್ತು ವರ್ಷದ ಹಿಂದೆ ಕಂಪಲಾಪುರದಿಂದ ಒಂದು ಸಂಬಂಧ ಬಂದಿತ್ತು. ಆಗ ಭಾಗ್ಯ ಈಗಿನ ವಾಣಿಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ಬಂದವರು ಉಪ್ಪಿಟ್ಟು ತಿಂದರು, ಬಾಳೆಹಣ್ಣು ತಿಂದರು, ಹುಡುಗಿ ಲಕ್ಷಣವಾಗಿದ್ದಾಳೆ ಎಂದರು. ಎದ್ದು ಹೊರಗೆ ಚಪ್ಪಲಿ ಮೆಟ್ಟುವಾಗ ಗಂಡಿನ ತಾಯಿ, "ನಮ್ಮ ಮನೆ ಬಾಗ್ಲು ಚಿಕ್ಕದು ಕಣವ್ವ," ಎಂದು ನಕ್ಕು ಹೋದಳು. ಆ ರಾತ್ರಿಯೇ ದೊಡ್ಡತಾಯಮ್ಮ ಮಗಳ ಮುದ್ದೆಯನ್ನು ಅರ್ಧ ಮಾಡಿದಳು. ಮಗಳನ್ನು ಯಾರೂ ಹಾಗೆ ಆಡಿಕೊಳ್ಳಬಾರದು ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು. ತಿಂಗಳಾಯಿತು, ಮೈ ಕರಗಲಿಲ್ಲ. ಅರ್ಧವನ್ನು ಇನ್ನೂ ಒಂದಿಷ್ಟು ಸಣ್ಣದು ಮಾಡಿದಳು. ಆಗಲೂ ಕರಗಲಿಲ್ಲ. ಕದ್ದು ತಿನ್ನುತ್ತಾಳೆ ಎಂದು ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. ಹುಡುಗಿ ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಉಂಡೆದ್ದ ಮೇಲೆ ಹಂಡೆಯ ಹತ್ತಿರ ಹೋಗಿ ಒಂದು ಚೊಂಬು ನೀರನ್ನು ಗಟಗಟ ಕುಡಿಯುತ್ತಿದ್ದಳು. ಇವಳಿಗೇನು ಇಷ್ಟೊಂದು ದಾಹ ಎಂದು ದೊಡ್ಡತಾಯಮ್ಮ ಅಚ್ಚರಿಪಡುತ್ತಿದ್ದಳು.

ಕೊನೆಗೆ ಹನಗೋಡಿನ ಗುರುಮಲ್ಲಪ್ಪ ಬಂದ. ಹುಡುಗಿಯನ್ನು ನೋಡಿದವನೇ ಒಪ್ಪಿದ. ದಪ್ಪ ತೆಳ್ಳಗಿನ ಮಾತೇ ಅವನ ಬಾಯಲ್ಲಿ ಬರಲಿಲ್ಲ. ಅಷ್ಟು ವರ್ಷ ಅರೆಹೊಟ್ಟೆಯಲ್ಲಿಟ್ಟಿದ್ದು ಯಾವ ಉಪಯೋಗಕ್ಕೂ ಬರಲಿಲ್ಲ ಎಂದು ದೊಡ್ಡತಾಯಮ್ಮನಿಗೆ ಆವತ್ತು ಹೊಳೆಯಲಿಲ್ಲ, ಆಮೇಲೂ ಹೊಳೆಯಲಿಲ್ಲ. ಮಗಳು ಹಬ್ಬಕ್ಕೆ ತವರಿಗೆ ಬಂದಾಗಲೆಲ್ಲ ದೊಡ್ಡ ಮುದ್ದೆ ಕಟ್ಟಿ ಬಡಿಸಿದರೆ ಅವಳು ಅದನ್ನು ಮುರಿದು ಅರ್ಧ ತೆಗೆದಿಡುತ್ತಿದ್ದಳು. "ಹಸಿವಿಲ್ಲ ಕಣವ್ವ, ಅಲ್ಲೇ ಉಂಡ್ಕಂಡು ಬಂದೆ," ಎನ್ನುತ್ತಿದ್ದಳು. ಗಂಡನ ಮನೆಯ ಗದ್ದೆ, ನಾಲೆ ನೀರು, ಅಕ್ಕಿಯ ಅನ್ನ ಕಂಡ ಮೇಲೆ ತವರಿನ ರಾಗಿ ರುಚಿಸುತ್ತಿಲ್ಲ ಎಂದು ದೊಡ್ಡತಾಯಮ್ಮ ಒಳಗೊಳಗೇ ಮುನಿಸಿಕೊಳ್ಳುತ್ತಿದ್ದಳು. ಹನಗೋಡಿಗೆ ಹೋದಾಗ ಮಗಳು ಅಲ್ಲಿ ಹೊಟ್ಟೆ ತುಂಬ ಉಣ್ಣುವುದನ್ನು ಕಣ್ಣಾರೆ ಕಂಡಿದ್ದಳು. ಆದರೂ ಅವಳ ತಲೆಗೆ ಹೊಕ್ಕಿರಲಿಲ್ಲ.

ಈಗ ಒಂದು ತಿಂಗಳಿಂದ, ಮೊಮ್ಮಗಳೂ ತಾಯಿಯ ಹಾಗೇ ಆಗುತ್ತಿದ್ದಾಳಲ್ಲ ಎಂದು ನಲ್ಲಿಯ ಹತ್ತಿರ ಯಾರೋ ಅಂದ ಮೇಲೆ, ಕೈ ಮತ್ತೆ ಹಳೆಯ ಅಳತೆಗೆ ಹೋಗಿತ್ತು.

ಜನ ಕರಗಿದ ಮೇಲೆ ಅವಳು ಡಾಕ್ಟರ ಹತ್ತಿರ ಹೋದಳು. ಡಾಕ್ಟರು ರಕ್ತದ ಪುಟ್ಟ ಪುಟ್ಟ ಕೊಳವೆಗಳನ್ನು ಮಂಜುಗಡ್ಡೆಯ ಪೆಟ್ಟಿಗೆಗೆ ಜೋಡಿಸುತ್ತಿದ್ದರು.

"ಡಾಕ್ಟ್ರಮ್ಮ, ಒಂದು ಮಾತು. ಇದ್ರಲ್ಲಿ ನನ್ನ ಮಗಳ ರಕ್ತ ಯಾವುದು?"

ಡಾಕ್ಟರು ಒಂದನ್ನು ಎತ್ತಿ ತೋರಿಸಿದರು.

"ಅದ್ನ ನೋಡಿ ಹೇಳಿಬುಡಿ. ಅವಳು ದಪ್ಪಗಾಗಿದ್ದು ತಿಂದು ಆಗಿದ್ದೋ, ನೀವಂದ್ರಲ್ಲ, ಆ ಕಾವಲು, ಅದ್ರಿಂದ ಆಗಿದ್ದೋ?"

"ಇದೊಂದನ್ನ ನೋಡಿ ಹೇಳಕ್ಕೆ ಬರಲ್ಲಮ್ಮ. ಸಾವಿರಾರು ಜನರದ್ದು ಒಟ್ಟಿಗೆ ಇಟ್ಟು ನೋಡಿದರೆ ಎಲ್ಲೋ ಒಂದು ಎಳೆ ಕಾಣಬಹುದು, ಕಾಣದೆಯೂ ಇರಬಹುದು. ಅದಕ್ಕೇ ನಾಲ್ಕು ತಾಲ್ಲೂಕು ಸುತ್ತುತಾ ಇರೋದು. ಒಬ್ಬರ ವಿಷಯ ಮಾತ್ರ ಹೇಳಿ ಅಂದರೆ ನನಗೆ ಗೊತ್ತಿಲ್ಲ."

"ಅಷ್ಟು ಓದಿದ್ದೀರಿ, ಗೊತ್ತಿಲ್ಲ ಅಂದ್ರೆ ಹೆಂಗೆ?"

"ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳೋದು ತಪ್ಪಲ್ವಾಮ್ಮ?" ಡಾಕ್ಟರು ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ, ಜಗಲಿಯಲ್ಲಿ ಮುದ್ದೆಯ ಮುಂದೆ ನಡೆದ ಮಾತು ನೆನಪಾದವರಂತೆ ಕೇಳಿದರು, "ಊಟ ಕಮ್ಮಿ ಮಾಡಿದಾಗ ಅವರು ತೆಳ್ಳಗಾದ್ರಾ?"

ದೊಡ್ಡತಾಯಮ್ಮ ಉಗುರಿನ ಸಂದಿಯಲ್ಲಿ ಉಳಿದಿದ್ದ ಹಿಟ್ಟನ್ನು ಕೆರೆದುಕೊಂಡಳು. "ಇಲ್ಲ," ಎಂದಳು. "ನಾಕು ವರ್ಷ ಕಮ್ಮೀನೇ ಕೊಟ್ಟೆ. ಇಲ್ಲ."

ಡಾಕ್ಟರು ತಲೆಯಾಡಿಸಿ ಪೆಟ್ಟಿಗೆಯನ್ನು ಎತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಬೈದವರಿಗೆ ತಿರುಗಿ ಬೈಯುವುದು ದೊಡ್ಡತಾಯಮ್ಮನಿಗೆ ಗೊತ್ತಿತ್ತು.

ಮನೆಗೆ ಬಂದಾಗ ವಾಣಿಯ ಬ್ಯಾಗು ಜೋಡಿಸಿಯಾಗಿತ್ತು. ನಡುಮನೆಯ ಗೋಡೆಗೆ ಒರಗಿಸಿ ಇಟ್ಟಿದ್ದರು, ಮೇಲೆ ಶಾಲೆಯ ಪುಸ್ತಕದ ಚೀಲ. ಭಾಗ್ಯಮ್ಮ ಹಿತ್ತಿಲಲ್ಲಿ ಮಗಳ ಯೂನಿಫಾರ್ಮನ್ನು ಹಿಂಡಿ ಹರವುತ್ತಿದ್ದಳು, ಸಂಜೆಯೊಳಗೆ ಒಣಗಲಿ ಎಂದು. ದೊಡ್ಡತಾಯಮ್ಮನ ಗಂಡ ಮಹದೇವಪ್ಪ ಬ್ಯಾರನ್ನಿನಿಂದ ಬಂದು ಕಂಬಕ್ಕೊರಗಿ ಕೂತಿದ್ದ. ಹೊಗೆಗೆ ಅವನ ಕಣ್ಣು ಕೆಂಪಾಗಿದ್ದವು. ಸುದ್ದಿ ಅವನಿಗಾಗಲೇ ಮುಟ್ಟಿತ್ತು. ಆ ಊರಿನಲ್ಲಿ ಸುದ್ದಿಗೆ ಬಸ್ಸು ಬೇಕಾಗಿಲ್ಲ.

"ನಿಮಗೆ ಆವತ್ತೇ ಗೊತ್ತಿತ್ತಾ?" ಎಂದು ದೊಡ್ಡತಾಯಮ್ಮ ಗಂಡನನ್ನು ಮೆಲ್ಲಗೆ ಕೇಳಿದಳು.

"ಪಕ್ಕದಲ್ಲೇ ಕೂತು ಉಣ್ತಿದ್ನಲ್ಲ, ಕಾಣಾಕಿಲ್ವಾ? ಅವಳಿಗಾಗ್ಲಿ ಅಂತ ತಟ್ಟೇಲಿ ಒಂದು ಚೂರು ಬುಟ್ಟು ಏಳ್ತಿದ್ದೆ. ತಟ್ಟೆ ತೊಳೆಯೋಳು ಅವಳೇ ಆಗಿದ್ದಳಲ್ಲ."

ದೊಡ್ಡತಾಯಮ್ಮನಿಗೆ ನೆನಪಾಯಿತು. ಗಂಡ ದಿನಾ ಮುದ್ದೆ ಬಿಟ್ಟು ಏಳುವುದನ್ನು ಕಂಡು, ನನ್ನ ಅಡುಗೆ ರುಚಿಸುತ್ತಿಲ್ಲವೇನು ಎಂದು ಆಗ ಎಷ್ಟು ಜಗಳ ತೆಗೆದಿದ್ದಳು! ಅವನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. "ಅಂಗಂತ ನನಗೊಂದು ಮಾತು ಹೇಳಬಾರ್ದಿತ್ತಾ?" ಎಂದಳು.

"ನಿನಗಾ?" ಎಂದ ಮಹದೇವಪ್ಪ. ಆಮೇಲೆ, "ಹೇಳ್ಬೇಕಿತ್ತು. ನಂದೂ ತಪ್ಪೇ, ಬುಡು," ಎಂದು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಹೊಗೆಗೋ ಏನೋ.

ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ಬೆಳಿಗ್ಗೆಯಿಂದ ಒಂದು ಲೋಟ ಟೀ ಬಿಟ್ಟರೆ ಅವಳ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ತನ್ನ ಬನ್ನನ್ನು ಸೆರಗಿಗೆ ಕಟ್ಟಿಕೊಂಡು ಬಂದಿದ್ದು ಹಾಗೇ ಇತ್ತು. ಹುರುಳಿ ಸಾರು ಕುದಿಯಿತು. ಎಸರಿಗೆ ಹಿಟ್ಟು ಸುರಿದು, ಬೇಯಲು ಬಿಟ್ಟು, ಕೋಲು ಹಾಕಿ ತೊಳಸಿದಳು. ಗಂಟಿಲ್ಲದೆ ಹಿಟ್ಟು ಒಂದಾಯಿತು. ಪಾತ್ರೆಯನ್ನು ಇಳಿಸಿ ಮಣೆ ಎಳೆದುಕೊಂಡು, ಅಂಗೈಗೆ ನೀರು ಸವರಿಕೊಂಡಳು. ಅಲ್ಲಿಗೆ ಕೈ ನಿಂತಿತು. ದೊಡ್ಡದು ಕಟ್ಟಿದರೆ ಹೆದರಿ ಕಟ್ಟಿದಂತಾಗುತ್ತದೆ. ಸಣ್ಣದು ಕಟ್ಟುವ ಮಾತಂತೂ ಇಲ್ಲ. ಸರಿಯಾದ ಅಳತೆ ಯಾವುದೆಂದು ಕೈಗೆ ತಿಳಿಯಲಿಲ್ಲ. ಹಿಟ್ಟು ಆರುತ್ತಿತ್ತು.

"ಭಾಗ್ಯ," ಎಂದು ಕರೆದಳು. ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

"ಬಾರವ್ವ, ನೀನು ಕಟ್ಟು."

"ನಿನ್ನ ಮನೇಲಿ ನಿನ್ನ ಬುಟ್ಟು ಯಾರೂ ಕಟ್ಟಂಗಿಲ್ಲ ಅಂತಿದ್ಯಲ್ಲ."

"ಅಂತಿದ್ದೆ. ಈಗ ಕಟ್ಟು ಅಂತಾ ಇವ್ನಿ. ಹಿಟ್ಟು ಆರೋಯ್ತದೆ, ಬಾ."

ದೊಡ್ಡತಾಯಮ್ಮ ಮಣೆ ಬಿಟ್ಟು ಎದ್ದು ಗೋಡೆಯ ಪಕ್ಕಕ್ಕೆ ಸರಿದು ಕೂತಳು. ಭಾಗ್ಯಮ್ಮ ಒಂದು ಗಳಿಗೆ ಹಾಗೇ ನಿಂತಿದ್ದು, ಆಮೇಲೆ ಬಂದು ಕೂತು ಅಂಗೈಗೆ ನೀರು ಹಚ್ಚಿಕೊಂಡಳು. ಅವಳ ಕೈಯೂ ಚುರುಕು. ಅಪ್ಪನಿಗೊಂದು ಕಟ್ಟಿದಳು. ಬ್ಯಾರನ್ನಿಗೆ ಕಳಿಸಲು ಸ್ವಾಮಿಗೊಂದು ಕಟ್ಟಿದಳು. ಮಗಳಿಗೆ, ಅಪ್ಪನಷ್ಟೇ ದೊಡ್ಡದು ಒಂದು ಕಟ್ಟಿ, ತಾನೇ ತಟ್ಟೆಗೆ ಹಾಕಿ, ಸಾರು ಬಿಟ್ಟು ಮುಂದಕ್ಕೆ ತಳ್ಳಿದಳು. ವಾಣಿ ಮೊದಲು ಅಜ್ಜಿಯ ಮುಖ ನೋಡಿದಳು. "ಉಣ್ಣು ಮಗ, ನನ್ನೇನು ನೋಡೀಯೆ," ಎಂದಳು ದೊಡ್ಡತಾಯಮ್ಮ. ಹುಡುಗಿ ಮುರಿದು ಸಾರಿಗೆ ಅದ್ದಿ ನುಂಗಿದಳು. ಆಮೇಲೆ ತಲೆ ಎತ್ತಲಿಲ್ಲ.

ನಾಲ್ಕನೆಯದನ್ನು ಭಾಗ್ಯಮ್ಮ ತಾಯಿಗೆ ಕಟ್ಟಿದಳು. ಅದೂ ಉಳಿದವುಗಳಷ್ಟೇ ಇತ್ತು. ಕೋಪವನ್ನು ಅವಳು ಹಿಟ್ಟಿನಲ್ಲಿ ತೀರಿಸಿಕೊಂಡಿರಲಿಲ್ಲ. ಕೊನೆಗೆ ಪಾತ್ರೆಯ ತಳದಿಂದ ಒಂದು ಹಿಡಿ ಎಳೆದು ತನಗೆಂದು ಉರುಳಿಸಿ ತಟ್ಟೆಗಿಟ್ಟಳು. ಪಾತ್ರೆಯಲ್ಲಿ ಹಿಟ್ಟು ಇನ್ನೂ ಬೇಕಾದಷ್ಟಿತ್ತು. ತಟ್ಟೆಯಲ್ಲಿದ್ದ ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೆ.

ಕಟ್ಟಿದ ಮೇಲೆ ಭಾಗ್ಯಮ್ಮನೂ ಅದನ್ನು ನೋಡಿದಳು. ಅವಳ ಮುಖ ಒಂದು ಥರ ಆಯಿತು. ಹನಗೋಡಿನ ತನ್ನ ಒಲೆಯ ಮುಂದೆ ಇಷ್ಟು ವರ್ಷ ಅವಳು ಹೀಗೆ ಕಟ್ಟಿಕೊಂಡವಳಲ್ಲ. ಈ ಮನೆಯಲ್ಲಿ, ಈ ಮಣೆಯ ಮೇಲೆ, ಕೈ ತಾನಾಗಿ ಕಟ್ಟಿತ್ತು. ಎಲ್ಲರ ಮುಂದೆ ಜಗಲಿಯಲ್ಲಿ ಅಳದವಳ ಕಣ್ಣು ಈಗ ತುಂಬಿಕೊಂಡವು.

ದೊಡ್ಡತಾಯಮ್ಮ ಕೈ ಚಾಚಿ ಆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ತನ್ನದನ್ನು ಮಗಳ ಮುಂದಿಟ್ಟಳು.

"ಬ್ಯಾಡ ಕಣವ್ವ. ನಂಗೆ ಹಸಿ..." ಎಂದು ಅಭ್ಯಾಸದಂತೆ ಶುರುಮಾಡಿದ ಭಾಗ್ಯಮ್ಮ ಅರ್ಧಕ್ಕೆ ನಿಲ್ಲಿಸಿದಳು. ಬೆಳಗ್ಗಿನಿಂದ ಅವಳು ಏನೂ ತಿಂದಿರಲಿಲ್ಲ. ಬನ್ನನ್ನೂ ಮಗಳಿಗೆ ಕೊಟ್ಟಿದ್ದಳು. ಸ್ವಲ್ಪ ಹೊತ್ತು ಆ ದೊಡ್ಡ ಮುದ್ದೆಯನ್ನು ನೋಡುತ್ತ ಕೂತಿದ್ದು, ಮುರಿದು, ಸಾರಿಗೆ ಅದ್ದಿಕೊಂಡಳು. ಒಂದು ತುತ್ತು, ಇನ್ನೊಂದು ತುತ್ತು. ಆಮೇಲೆ ಅರ್ಧ ತೆಗೆದಿಡದೆ ಪೂರಾ ಉಂಡಳು. ಮಹದೇವಪ್ಪನೂ ಆವತ್ತು ತಟ್ಟೆಯಲ್ಲಿ ಏನನ್ನೂ ಬಿಡಲಿಲ್ಲ.

ದೊಡ್ಡತಾಯಮ್ಮನ ಊಟ ಎಲ್ಲರಿಗಿಂತ ಮೊದಲೇ ಮುಗಿದಿತ್ತು. ಉಣ್ಣಲು ಕೂತೆ ಎನ್ನುವಷ್ಟರಲ್ಲಿ ತಟ್ಟೆ ಬರಿದಾಗಿತ್ತು. ಬೆರಳಿನಿಂದ ಸಾರನ್ನು ಬಳಿದು ನೆಕ್ಕಿದಳು. ಪಾತ್ರೆಯಲ್ಲಿ ಹಿಟ್ಟು ಇರುವುದು ಕಾಣುತ್ತಿತ್ತು. "ಇನ್ನೊಂದು ಕಟ್ಲಾ ಅವ್ವ?" ಎಂದಳು ಭಾಗ್ಯಮ್ಮ. ತಾಯಿ ಬೇಡವೆಂದು ತಲೆಯಾಡಿಸಿದಳು.

ಮಧ್ಯಾಹ್ನ ಇಳಿಯಿತು. ವಾಣಿಶ್ರೀ ಗೋಡೆಗೊರಗಿಸಿದ್ದ ಚೀಲದಿಂದ ಲೆಕ್ಕದ ಪುಸ್ತಕ ಹೊರತೆಗೆದು, ಜಗಲಿಯಲ್ಲಿ ಕಾಲು ಚಾಚಿ ಕೂತು, ನಾಳೆ ಮೇಷ್ಟ್ರಿಗೆ ತೋರಿಸಬೇಕಾದ್ದನ್ನು ಮಾಡತೊಡಗಿದಳು. ಭಾಗ್ಯಮ್ಮ ಅದನ್ನು ನೋಡಿದಳು. ಹಿತ್ತಿಲಿಗೆ ಹೋಗಿ ಒಣಗಿದ ಯೂನಿಫಾರ್ಮನ್ನು ತಂದು ಮಡಿಸಿದಳು. ಅದನ್ನು ಬ್ಯಾಗಿಗೆ ತುರುಕದೆ ಗೂಟಕ್ಕೆ ನೇತುಹಾಕಿ, ಸಂಜೆ ಬಸ್ಸಿಗೆ ತಾನೊಬ್ಬಳೇ ಹೊರಡಲೆಂದು ತನ್ನ ಕೈಚೀಲ ಎಲ್ಲಿದೆ ಎಂದು ಹುಡುಕಿದಳು.

ದೊಡ್ಡತಾಯಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಎದ್ದು ಹಂಡೆಯ ಹತ್ತಿರ ಹೋಗಿ, ಒಂದು ಚೊಂಬು ನೀರು ಮೊಗೆದು, ನಿಂತಲ್ಲೇ ಗಟಗಟ ಕುಡಿದಳು. ಚೊಂಬನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮತ್ತೆ ಬಗ್ಗಿ ಇನ್ನೊಂದು ಚೊಂಬು ಮೊಗೆದುಕೊಂಡಳು.